ಪಕ್ಕದ ಸೀಟಿನ ಮಾತು

ಲಾರಿ ಓಡಿಸುವವರ ನಡುವೆ ಅವನಿಗೆ ಸಾಕಪ್ಪ ಎಂದು ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಹೊತ್ತು ಇಳಿಯುವ ಮೊದಲೇ ಲಾರಿಯನ್ನು ಪಕ್ಕಕ್ಕೆ ಹಾಕಿ "ಸಾಕಪ್ಪ ಇವತ್ತಿಗೆ" ಎಂದು ಇಳಿದುಬಿಡುತ್ತಿದ್ದ. ಹಿಂದೆ ಬಂದವರು ಹಾರ್ನ್ ಹೊಡೆದು, ಕಿಟಕಿಯಿಂದ ತಲೆ ಹಾಕಿ, "ಏನ್ ಸಾಕಪ್ಪ, ಎಮ್ಮೆ ಕಟ್ಟೋ ಹೊತ್ತಾಯ್ತಾ?" ಎಂದು ನಗುತ್ತ ಮುಂದೆ ಹೋಗುತ್ತಿದ್ದರು. ಅವನು ಕೈ ಬೀಸಿ ಕಳಿಸುತ್ತಿದ್ದ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದು ಅವನ ಹೆಂಡತಿ ತಿಳಿದಿದ್ದಳು.

ಹೆಂಡತಿಗೂ ಲಾರಿಯವರೇ ಹೆಸರಿಟ್ಟಿದ್ದರು. ಟಾರ್ಪಾಲಕ್ಕ. ಲಾರಿ ನಿಲ್ಲುವ ಮೈದಾನದ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ನೆಲದ ಮೇಲೆ ಕೂತು ಟಾರ್ಪಾಲು ಹೊಲಿಯುವುದು ಅವಳ ಕೆಲಸ. ಅಂಗೈಗೆ ಚರ್ಮದ ಪಟ್ಟಿ, ಕೈಯಲ್ಲಿ ಗೇಣುದ್ದದ ಸೂಜಿ, ಮೇಣ ಹಚ್ಚಿದ ದಾರ. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಹರಿದ ಟಾರ್ಪಾಲು ಹೊಲಿಸಲು ಬಂದ ಸಾಕಪ್ಪ ಆಮೇಲೆ ಹರಿಯದ ಟಾರ್ಪಾಲನ್ನೂ ಹೊಲಿಸಲು ಬರತೊಡಗಿದ. ಹಾಗೆ ಮದುವೆಯಾಯಿತು.

ಶೆಡ್ಡಿನ ಮುದುಕ ಅವಳಿಗೆ ಒಂದು ಗಂಟು ಕಲಿಸಿದ್ದ. ಲಾರಿಯ ಸರಕಿನ ಮೇಲೆ ಟಾರ್ಪಾಲು ಎಳೆದು ಕಟ್ಟುವ ಗಂಟು. ಲಾರಿ ಕುಲುಕಿದಷ್ಟೂ ಅದು ಬಿಗಿಯುತ್ತದೆ. ಬಿಚ್ಚಬೇಕೆಂದರೆ ಹಿಂದುಗಡೆಯಿಂದ ಹೆಬ್ಬೆರಳಿನಲ್ಲಿ ಒಂದು ಕಡೆ ತಳ್ಳಬೇಕು. ಆ ಜಾಗ ಗೊತ್ತಿಲ್ಲದವನು ಕೈ ಸೋತು ಹಗ್ಗವನ್ನೇ ಕೊಯ್ಯಬೇಕು. ಸಾಕಪ್ಪನಿಗೆ ಅದನ್ನು ಎಷ್ಟು ಸಲ ಹೇಳಿಕೊಟ್ಟರೂ ಬರಲಿಲ್ಲ. "ನಿನ್ನ ಗಂಟು ಬಿಚ್ಚೋಕೆ ಪೊಲೀಸ್ರನ್ನ ಕರೀಬೇಕು ಕಣೇ" ಎನ್ನುತ್ತಿದ್ದ.

ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಬೆಳೆಸಲಿಲ್ಲ. ಅವನ ತಮ್ಮನೇ ಮನೆಯಲ್ಲಿ ಉಂಡು, ಓದಿ, ಟೈಲ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸ ಹಿಡಿದು, ಮದುವೆಯಾಗಿ, ಎರಡು ಬೀದಿ ಆಚೆ ಬೇರೆ ಮನೆ ಮಾಡಿದ.

ಲಾರಿ ಬಿಟ್ಟ ಮೇಲೆ ಸಾಕಪ್ಪ ಎಲ್ಲಿಂದಲೋ ಒಂದು ಮನೆಗಾಡಿ ಎಳೆದುಕೊಂಡು ಬಂದ. ಕಾಗದದಲ್ಲಿ ಅದಕ್ಕೆ ಕ್ಯಾಂಪರ್ ಟ್ರೇಲರ್ ಎಂದಿತ್ತು. ಎರಡು ಚಕ್ರ, ತಗಡಿನ ಮೈ. ತನ್ನ ಜೀಪಿನ ಹಿಂದೆ ಕೊಂಡಿ ಸಿಕ್ಕಿಸಿ ಎಳೆಯುವುದು. ಒಳಗೆ ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು, ಎರಡು ಗೂಡು. ಮಲಗಲು ಅಗಲವಾದ ಒಂದು ಹಲಗೆ, ಬೇಡವಾದಾಗ ಅದನ್ನು ಎತ್ತಿ ಗೋಡೆಗೆ ನಿಲ್ಲಿಸಬೇಕು. ಹಲಗೆ ಇಳಿಸಿದರೆ ಅದು ಮಲಗುವ ಮನೆ, ಎತ್ತಿದರೆ ಅಡುಗೆಮನೆ. ಉಳಿದ ನೆಲದಲ್ಲಿ ಒಬ್ಬರು ನಿಲ್ಲಬಹುದು, ಅಷ್ಟೆ.

ಹಲಗೆಯನ್ನು ಗೋಡೆಗೆ ಹಿಡಿಯುವ ಕೊಕ್ಕೆ ಬರುವಾಗಲೇ ಮುರಿದಿತ್ತು. "ಹೊಸದು ಹಾಕಿಸ್ತೀನಿ" ಎಂದವನು ಕೊನೆತನಕ ಹಾಕಿಸಲಿಲ್ಲ. ಹೊರಡುವ ದಿನ ಅವಳು ಹಲಗೆ ಎತ್ತಿ, ಹಗ್ಗ ಸುತ್ತಿ, ತನ್ನ ಗಂಟು ಹಾಕುತ್ತಿದ್ದಳು. ಸಂಜೆ ನಿಂತಾಗ ಅವಳೇ ಬಿಚ್ಚುತ್ತಿದ್ದಳು.

ಮನೆಗಾಡಿ ಎಳೆಯುವುದೆಂದರೆ ಜೀಪು ಓಡಿಸಿದಂತಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಯಿತು. ದೊಡ್ಡ ಬಸ್ಸೊಂದು ಪಕ್ಕದಲ್ಲಿ ಹಾದರೆ ಹಿಂದಿನ ಗಾಡಿ ಬಾಲದಂತೆ ಓಲಾಡುತ್ತದೆ, ಮುಂದಿನವನ ಕೈ ಹಿಡಿದು ಎಳೆಯುತ್ತದೆ. ಇಳಿಜಾರಿನಲ್ಲಿ ಬೆನ್ನಿಗೆ ಬಿದ್ದು ತಳ್ಳುತ್ತದೆ. ಸ್ಟೇರಿಂಗ್ ಹಿಡಿದವನಿಗೆ ಒಂದು ಗಳಿಗೆ ಬಿಡುವಿಲ್ಲ. ಹಿಂದಕ್ಕೆ ತೆಗೆಯುವಾಗಲಂತೂ ಈ ಕಡೆ ತಿರುಗಿಸಿದರೆ ಆ ಕಡೆ ಹೋಗುತ್ತದೆ. ಅದಕ್ಕೇ ಬೆಳಕಿರುವಾಗಲೇ ಜಾಗ ಸೇರಬೇಕು. ಅವಳು ಹಿಂದೆ ನಿಂತು ಕೈ ಆಡಿಸಬೇಕು, ಅವನು ಕನ್ನಡಿಯಲ್ಲಿ ನೋಡಬೇಕು, ಇಬ್ಬರೂ ಜಗಳವಾಡಬೇಕು, ಆಮೇಲೆ ಟೀ ಕುಡಿಯಬೇಕು.

ಪ್ರಯಾಣಕ್ಕೆ ಮುಂಚೆ ಅವನು ಅಡುಗೆಮನೆಯ ಡಬ್ಬಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ನಕ್ಷೆ ಅವಳಿಗೆ ತಿಳಿಯುತ್ತಿರಲಿಲ್ಲ, ಡಬ್ಬಿ ತಿಳಿಯುತ್ತಿತ್ತು.

"ನೋಡು, ಇದು ಮನೆ. ಈ ಉಪ್ಪಿನ ಡಬ್ಬಿ ಇವತ್ತು ಮಲಗೋ ಜಾಗ. ಸಕ್ಕರೆ ಡಬ್ಬಿ ನಾಳೆ. ಮೊದಲು ಎಲ್ಲಿ ಮಲಗ್ತೀವಿ ಅಂತ ಗೊತ್ತಾಗ್ಬೇಕು. ಎಲ್ಲಿಗೆ ಹೋಗ್ತೀವಿ ಅನ್ನೋದು ಆಮೇಲಿನ ಮಾತು."

"ಇಷ್ಟು ಹತ್ತಿರಾನಾ? ಬಸ್ಸಲ್ಲಿ ಇದನ್ನ ಮಧ್ಯಾಹ್ನದೊಳಗೆ ದಾಟ್ತಾರೆ."

"ಬಸ್ಸು ಬಾಲ ಇಟ್ಕೊಂಡು ಓಡುತ್ತಾ? ಬರೀ ಜೀಪಿಗೆ ಒಂದು ದಿನದ ದಾರಿ ಅಂದ್ರೆ ನಮಗೆ ಎರಡು ದಿನ ಅಂದ್ಕೋ. ಮಧ್ಯ ಏರು ಇದ್ರೆ ಡಬ್ಬೀನ ಇನ್ನೊಂದು ಚೂರು ಹಿಂದಕ್ಕೆ ಸರಿಸು. ಮೂರು ದಿನ ಓಡಿದ್ರೆ ನಾಲ್ಕನೇ ದಿನ ಚಕ್ರಕ್ಕೂ ರಜ, ನನಗೂ ರಜ."

ಎರಡೆರಡು ಗಂಟೆಗೆ ಒಮ್ಮೆ ಇಳಿಯುತ್ತಿದ್ದ. ಚಕ್ರದ ನಡುವಿಗೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಕೊಂಡಿ ಅಲ್ಲಾಡಿಸುತ್ತಿದ್ದ. ಸರಪಳಿ ಎಳೆದು ನೋಡುತ್ತಿದ್ದ. ಆಮೇಲೆ ಹೊರಡುವುದು.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು ಕಟ್ಟಳೆ. ಎಲ್ಲಿ ನಿಲ್ಲಬೇಕೆಂದು ಓಡಿಸುವವನು ಹೇಳಕೂಡದು. ಪಕ್ಕದ ಸೀಟಿನಲ್ಲಿ ಕೂತವರು "ಸಾಕು" ಎನ್ನಬೇಕು. ಎಂದ ಕೂಡಲೇ ನಿಲ್ಲಿಸಬೇಕು. ವಾದ ಇಲ್ಲ.

"ಲಾರೀಲಿ ನೀವೇ ಹೇಳ್ತಿದ್ರಲ್ಲ?" ಎಂದು ಅವಳು ಕೇಳಿದ್ದಳು.

"ಆಗ ವಯಸ್ಸಿತ್ತು. ಈಗ ನಿದ್ದೆ ಹತ್ತಿದ್ರೂ ನನಗೆ ಗೊತ್ತಾಗಲ್ಲ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ಹೋಗ್ತಾನೇ ಇರ್ತೀನಿ. ಪಕ್ಕದಲ್ಲಿ ಕೂತೋಳಿಗೆ ನನ್ನ ಮುಖ ಕಾಣ್ತದೆ. ನಂಗೆ ರಸ್ತೆ ಮಾತ್ರ ಕಾಣೋದು."

ಒಮ್ಮೆ ಅವಳು ಕಣ್ಣು ಮುಚ್ಚಿಕೊಂಡೇ "ಸಾಕು" ಎಂದಳು. ಅವನು ಬ್ರೇಕ್ ಹಾಕಿ ನಿಲ್ಲಿಸಿದ. ಕಣ್ಣು ಬಿಟ್ಟರೆ ಪಕ್ಕದಲ್ಲೇ ದೊಡ್ಡ ಕೋಳಿ ಫಾರಮ್ಮು. ಮೂಗು ಮುಚ್ಚಿದರೂ ಬಿಡದ ನಾತ.

"ರೀ, ಇನ್ನೊಂದು ಸ್ವಲ್ಪ ಮುಂದೆ ಹೋಗಿ."

"ಆಗಲ್ಲ. ಸಾಕು ಅಂದಾಯ್ತು."

"ತಮಾಷೆ ಸಾಕ್ರೀ!"

"ನೋಡು, ಎರಡನೇ ಸಲ ಅಂದೆ."

ಅಂದು ಅವರು ಕೋಳಿಗಳ ಜೊತೆಯೇ ಮಲಗಿದರು. ಬೆಳಗ್ಗೆ ಎದ್ದು ಅವನು ಕತ್ತು ಚಾಚಿ ಕೊಕ್ಕೋ ಎಂದ. ಅವಳು ಟೀ ಕೊಡಲಿಲ್ಲ. ಅಂದಿನಿಂದ ಅವಳು ಕಣ್ಣು ತೆರೆದೇ ಆ ಮಾತು ಆಡುತ್ತಿದ್ದಳು. ಅವನು ಒಂದೇ ಒಂದು ಸಲವೂ ಅದನ್ನು ಮೀರಲಿಲ್ಲ. ಅವಳಿಗೆ ಹುಟ್ಟಿದ ಮನೆಯಲ್ಲಾಗಲಿ, ಶೆಡ್ಡಿನಲ್ಲಾಗಲಿ, ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ. ಒಂದು ಮಾತಿಗೆ ಅಷ್ಟು ದೊಡ್ಡ ಗಾಡಿ ನಿಲ್ಲುತ್ತಿತ್ತು.

ಕೊನೆಯ ಪ್ರಯಾಣಕ್ಕೆ ಅವಳು ಹೋಗಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಆಗ ಟಾರ್ಪಾಲಿನ ಕೆಲಸ ತಲೆಯ ಮೇಲೆ ಬಂದು ಕೂರುತ್ತದೆ. ಶೆಡ್ಡಿನವರು ರಜೆ ಕೊಡಲಿಲ್ಲ. ಮೈದುನನಿಗೆ ಅದೇ ವಾರ ರಜೆ. ದೂರದ ಸಮುದ್ರದ ದಡದಲ್ಲಿ ಅವನ ಹಳೆಯ ಗೆಳೆಯರು ಸೇರುತ್ತಿದ್ದರು. "ನಾನು ಮನೆ ಸಮೇತ ಬರ್ತೀನಿ ನೋಡ್ರೋ" ಎಂದು ಅವರಿಗೆ ಹೇಳಿಬಿಟ್ಟಿದ್ದ. ಅಣ್ಣನನ್ನು ಒಪ್ಪಿಸಿದ.

ಅಣ್ಣ ಮೇಜಿನ ಮೇಲೆ ಡಬ್ಬಿ ಜೋಡಿಸಿದ. ತಮ್ಮ ನಕ್ಕು ಎಲ್ಲ ಡಬ್ಬಿಯನ್ನೂ ಕೈಯಲ್ಲಿ ಬದಿಗೆ ಸರಿಸಿ ಮೇಜಿನ ತುದಿಯಲ್ಲಿ ಒಂದು ಲೋಟ ಇಟ್ಟ.

"ಇದು ಸಮುದ್ರ. ಮಧ್ಯದಲ್ಲಿ ಅಡುಗೆಮನೆ ಯಾಕಣ್ಣ? ನಿನ್ನ ಲೆಕ್ಕದಲ್ಲಿ ಹೋದ್ರೆ ನಾವು ಮುಟ್ಟೋಷ್ಟರಲ್ಲಿ ಅವರೆಲ್ಲ ವಾಪಸ್ ಹೊರಟಿರ್ತಾರೆ."

ಸಾಕಪ್ಪ ಡಬ್ಬಿಗಳನ್ನು ಮತ್ತೆ ಇದ್ದ ಜಾಗದಲ್ಲಿಟ್ಟ. ಮಾತು ಮುಗಿಯಿತು ಎಂದು ಟಾರ್ಪಾಲಕ್ಕ ತಿಳಿದಳು. ಆದರೂ ಹೊರಡುವ ಬೆಳಗ್ಗೆ ಮೈದುನನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡಳು.

"ನೋಡಪ್ಪ, ಪಕ್ಕದ ಸೀಟು ಅಂದ್ರೆ ಕಾಲು ಚಾಚಿ ಕೂರೋದಲ್ಲ. ಅವರ ಮುಖ ನೋಡ್ತಿರ್ಬೇಕು. ಟೀ ಹೊತ್ತಿಗೆ ಸಾಕು ಅನ್ಬೇಕು. ನೀನು ಅನ್ನದಿದ್ರೆ ಅವರು ನಿಲ್ಸಲ್ಲ."

"ಆಯ್ತು ಅತ್ತಿಗೆ. ಆಣೆ ಇಡ್ಲಾ?"

"ಆಣೆ ಬೇಡ. ನೆನಪಿರಲಿ."

ಅವಳು ಒಳಗೆ ಹೋಗಿ ಹಲಗೆ ಎತ್ತಿ ಹಗ್ಗ ಬಿಗಿದು ಗಂಟು ಹಾಕಿದಳು. ಬಿಚ್ಚುವ ಜಾಗವನ್ನು ಗಂಡನ ಬೆರಳು ಹಿಡಿದು ಮತ್ತೊಮ್ಮೆ ತೋರಿಸಿದಳು. ಗೂಡಿನಲ್ಲಿ ಟೀ ಪುಡಿ, ಸಕ್ಕರೆ, ಹೊಸ ಬೆಂಕಿಪೊಟ್ಟಣ ಇಟ್ಟಳು. ಅವರು ಹೋದರು.

ಸಂಜೆ ಫೋನು ಬಂತು.

"ನಿಲ್ಲಿಸಿದ್ರಾ?"

"ನಿಲ್ಲಿಸಿದ್ವಿ ಕಣೇ. ಒಳ್ಳೆ ಜಾಗ. ಮರ ಇದೆ."

"ಹಲಗೆ ಇಳಿಸಿದ್ರಾ?"

"ಇಳಿಸದೆ? ನಿನ್ನ ಗಂಟನ್ನ ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಒಂದು ಹಲ್ಲು ಹೋಯ್ತು. ಇನ್ಮೇಲೆ ನಿನ್ನ ಬಿಟ್ಟು ಬರಲ್ಲ ಬಿಡು."

ಅವಳು ನಕ್ಕಳು. ಶೆಡ್ಡಿನಲ್ಲಿ ಪಕ್ಕ ಕೂತವರಿಗೂ ಹೇಳಿ ನಗಿಸಿದಳು.

ಮರುದಿನ ಸಂಜೆಯೂ ಫೋನು ಬಂತು. "ನಿಲ್ಲಿಸಿದ್ವಿ. ಟೀ ಇಟ್ಟಿದ್ದೀನಿ, ಉಕ್ತಾ ಇದೆ, ಇಡ್ತೀನಿ" ಎಂದ. ಅದೇ ಕೊನೆ. ಅದರ ಮರುದಿನ ಬೆಳಗ್ಗೆ ಮೈದುನ ಫೋನು ಮಾಡಿ ಅಳತೊಡಗಿದ.

ಸತ್ತವನನ್ನು ತಂದರು. ಮೈದುನ ಬಂದವರಿಗೆಲ್ಲ ಒಂದೇ ರೀತಿ ಹೇಳಿದ. ಅಣ್ಣ ಸಂಜೆ ಊಟ ಮಾಡಿದರು, ಮನೆಗಾಡಿಯಲ್ಲಿ ಹಾಸಿಗೆ ಹಾಕಿಕೊಂಡರು, ಮಗುವಿನ ಹಾಗೆ ಮಲಗಿದರು, ಬೆಳಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಕೇಳಿದವರು "ಪುಣ್ಯವಂತ" ಎಂದರು. ಅವಳ ಕೈ ಹಿಡಿದು "ನೋವಿಲ್ಲದೆ ಹೋದ್ರು, ಅಷ್ಟೇ ಸಮಾಧಾನ ಮಾಡ್ಕೋ" ಎಂದರು. ಮಾಡಿಕೊಂಡಳು. ಮಾಡಿಕೊಳ್ಳಲು ಅವಳ ಹತ್ತಿರ ಅಷ್ಟೇ ಇತ್ತು. ಹಲ್ಲಲ್ಲಿ ಬಿಚ್ಚಿದ ಗಂಟು, ಉಕ್ಕುವ ಟೀ, ಮರದ ಕೆಳಗೆ ನಿದ್ದೆ.

ಮನೆಗಾಡಿಯನ್ನು ಯಾರೋ ಡ್ರೈವರ್ ತಂದು ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿ ಹೋದ. ಅವಳು ಬಾಗಿಲು ತೆರೆಯಲಿಲ್ಲ. ಅವನು ಕೊನೆಗೆ ಮಲಗಿದ ಹಾಸಿಗೆ ಒಳಗಿದೆ, ಅದನ್ನು ನೋಡಲಾರೆ ಎಂದುಕೊಂಡಳು. ಶೆಡ್ಡಿನಿಂದ ಬಟ್ಟೆ ತಂದು ಅಳತೆಗೆ ಹೊಲಿದು ಇಡೀ ಗಾಡಿಗೆ ಟಾರ್ಪಾಲು ಹೊದಿಸಿದಳು. ದಿನಾ ಬೆಳಗ್ಗೆ ಟೀ ಲೋಟ ಹಿಡಿದು ಅವನ ಫೋಟೋ ಮುಂದೆ ನಿಂತು ಮಾತಾಡುತ್ತಿದ್ದಳು. ಸೂಜಿ ಮುರಿದದ್ದು, ನಲ್ಲಿ ಸೋರಿದ್ದು, ಪಕ್ಕದ ಮನೆಯವಳು ಹೊಸ ಮಿಕ್ಸಿ ತಂದು ಮೆರೆದದ್ದು. ಎಲ್ಲ ಹೇಳುತ್ತಿದ್ದಳು.

ಹೀಗೆ ಮಳೆಗಾಲ ಕಳೆಯಿತು. ಚಳಿ ಬಂದು ಹೋಯಿತು. ಮಕ್ಕಳ ಶಾಲೆಗೆ ರಜೆ ಬರುವ ಹೊತ್ತಿಗೆ ಮೈದುನ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಅತ್ತಿಗೆ, ಗಾಡಿ ಸುಮ್ನೆ ನಿಂತಿದೆ. ತುಕ್ಕು ಹಿಡಿಯುತ್ತೆ. ಮಕ್ಕಳು ಒಂದೇ ಸಮ ಕುಣೀತಿದಾರೆ. ನಾವು ನಾಲ್ಕು ಜನ ಒಂದು ಸುತ್ತು ಹೋಗಿ ಬರ್ಲಾ? ಅಣ್ಣನ ಜೀಪೂ ಬೇಕು."

"ನಿಂಗೆ ಎಳೆಯೋಕೆ ಬರುತ್ತಾ?"

"ಅಣ್ಣನ ಪಕ್ಕ ಕೂತು ನೋಡಿದೀನಲ್ಲ."

ಅವಳು ಹೂಂ ಎಂದಳು. ಮಕ್ಕಳು ಮಲಗುವ ಗಾಡಿ, ಒಳಗೆ ಧೂಳು ಇರಬಾರದು, ಭಾನುವಾರ ತಾನೇ ತೊಳೆದು ಕೊಡುತ್ತೇನೆ ಎಂದಳು. ಎದೆ ಗಟ್ಟಿ ಮಾಡಿಕೊಂಡು ಭಾನುವಾರ ಟಾರ್ಪಾಲು ಸರಿಸಿ ಬಾಗಿಲು ತೆರೆದಳು.

ಒಳಗೆ ಮುಗ್ಗಲು ವಾಸನೆ. ಮೊದಲು ಕಣ್ಣಿಗೆ ಬಿದ್ದದ್ದು ಬೆಂಕಿಪೊಟ್ಟಣ. ಮೇಲಿನ ಕಾಗದವನ್ನೇ ಹರಿದಿರಲಿಲ್ಲ. ಟೀ ಪುಡಿಯ ಪೊಟ್ಟಣ ತೆಗೆದಳು. ಅವಳು ಹಾಕಿದ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಬಿಡು, ಎಲ್ಲೋ ಅಂಗಡಿಯಲ್ಲಿ ಟೀ ತಂದು ಬಿಸಿ ಮಾಡಿರಬೇಕು ಎಂದುಕೊಂಡಳು. ಬೆಂಕಿಯಿಲ್ಲದೆ ಬಿಸಿ ಹೇಗಾಯಿತು ಎಂದು ಮನಸ್ಸು ಕೇಳಿತು. ಜೇಬಿನಲ್ಲಿ ಲೈಟರ್ ಇತ್ತೇನೋ ಎಂದು ತಾನೇ ಬಾಯಿ ಮುಚ್ಚಿಸಿದಳು. ಗಾಡಿ ನಿಂತಾಗ ಚಕ್ರಕ್ಕೆ ಕೊಡುವ ಮರದ ತುಂಡುಗಳು ಮೂಲೆಯಲ್ಲಿದ್ದವು. ಅವಳು ಒರೆಸಿಟ್ಟ ಹಾಗೆಯೇ. ಒಂದು ಚೂರು ಮಣ್ಣಿಲ್ಲ.

ಆಮೇಲೆ ಹಲಗೆ ನೋಡಿದಳು.

ಹಲಗೆ ಗೋಡೆಗೆ ನಿಂತಿತ್ತು. ಅದರ ಮೇಲೆ ಹಗ್ಗ. ಹಗ್ಗದ ಮೇಲೆ ಅವಳ ಗಂಟು.

ಬೇರೆಯವರು ಹಾಕಿದ ಗಂಟಲ್ಲ. ಲೋಕದಲ್ಲಿ ಆ ಗಂಟು ಬರುತ್ತಿದ್ದದ್ದು ಇಬ್ಬರಿಗೆ. ಶೆಡ್ಡಿನ ಮುದುಕ ಸತ್ತು ಎಷ್ಟೋ ಕಾಲವಾಗಿತ್ತು. ಹಗ್ಗದ ತುದಿಯನ್ನು ಅವಳು ಒಳಗೆ ಮಡಚಿ ಸಿಕ್ಕಿಸುತ್ತಿದ್ದಳು, ಅದೂ ಹಾಗೇ ಇತ್ತು. ಕುಲುಕಿ ಕುಲುಕಿ ಗಂಟು ಕಲ್ಲಾಗಿತ್ತು. ಅದರ ಮೇಲೆ ಧೂಳು ಕೂತಿತ್ತು. ಹಲ್ಲಿನ ಗುರುತಿಲ್ಲ. ಉಗುರಿನ ಗುರುತೂ ಇಲ್ಲ.

ಒಬ್ಬರು ನಿಲ್ಲುವ ಆ ನೆಲದಲ್ಲಿ ಕೂತಳು. ಈ ಗಾಡಿಯಲ್ಲಿ ಯಾರೂ ಮಲಗಿಲ್ಲ. ಒಂದು ದಿನವೂ ಇಲ್ಲ. ಮರದ ಕೆಳಗೆ ನಿಂತಿಲ್ಲ. ಟೀ ಉಕ್ಕಿಲ್ಲ. ಹಾಸಿಗೆಯಲ್ಲಿ ಮಗುವಿನ ಹಾಗೆ ಮಲಗಿದ್ದು ಯಾರು ಹಾಗಾದರೆ? ಹಾಸಿಗೆ ಗೋಡೆಗೆ ನಿಂತಿದೆ.

ಮೊದಲು ಮೈದುನನ ಸುಳ್ಳು ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತಿಳಿಯಿತು. ಫೋನಿನಲ್ಲಿ ಮಾತಾಡಿದ್ದು ಮೈದುನನಲ್ಲ.

ಅವಳು ಗಂಟು ಬಿಚ್ಚಲಿಲ್ಲ. ಅಡುಗೆಮನೆಯ ಚಾಕು ತಂದು ಎರಡೂ ಕಡೆ ಹಗ್ಗ ಕೊಯ್ದಳು. ಗಂಟನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಟೈಲ್ಸ್ ಅಂಗಡಿಗೆ ಭಾನುವಾರವೂ ರಜೆಯಿರಲಿಲ್ಲ. ಅಂಗಡಿಯ ತುಂಬ ಬಾಗಿಲಿಲ್ಲದ ಬಚ್ಚಲುಗಳು, ನೀರಿಲ್ಲದ ನಲ್ಲಿಗಳು, ಗೋಡೆಗೆ ಅಂಟಿಸಿದ ಹೂವಿನ ಕಲ್ಲುಗಳು. ಮೈದುನ ಟೈ ಕಟ್ಟಿಕೊಂಡು ಯಾರೋ ಗಂಡಹೆಂಡತಿಗೆ ಕಾಲು ಜಾರದ ಟೈಲ್ಸ್ ತೋರಿಸುತ್ತಿದ್ದ. ಇವಳನ್ನು ಕಂಡು ಅವರನ್ನು ಬೇರೆಯವನಿಗೆ ಒಪ್ಪಿಸಿ ಬಂದ.

"ಏನ್ ಅತ್ತಿಗೆ, ಇಲ್ಲಿಗೆ ಬಂದ್ಬಿಟ್ರಿ? ಗಾಡಿ ತೊಳೆದಾಯ್ತಾ?"

ಅವಳು ಗಂಟನ್ನು ಅವನ ಕೌಂಟರಿನ ಮೇಲೆ ಇಟ್ಟಳು.

"ಇದನ್ನ ಬಿಚ್ಚು."

"ಏನಿದು?"

"ಬಿಚ್ಚಪ್ಪ. ನಿಮ್ಮಣ್ಣ ಹಲ್ಲಲ್ಲಿ ಕಚ್ಚಿ ಬಿಚ್ಚಿದ್ರಂತೆ. ನಿಂಗೆ ಗಟ್ಟಿ ಹಲ್ಲಿದೆ."

ಅವನು ಗಂಟನ್ನು ಕೈಗೆತ್ತಿಕೊಂಡ. ಹೇಳಿದ್ದನ್ನು ಮಾಡುವವನ ಹಾಗೆ ಉಗುರು ಹಾಕಿ ಕಿತ್ತ. ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಅಷ್ಟರಲ್ಲಿ ಅವನಿಗೆ ಅದು ಎಲ್ಲಿಯ ಹಗ್ಗ ಎಂದು ಹೊಳೆಯಿತು. ಗಂಟನ್ನು ಕೆಳಗಿಟ್ಟು ಟೈ ಸಡಿಲಿಸಿಕೊಂಡ.

"ಅತ್ತಿಗೆ, ಇಲ್ಲಿ ಬೇಡ."

"ಇಲ್ಲೇ ಆಗ್ಲಿ. ಮನೆಗೆ ಬಂದ್ರೆ ನೀನು ಅಳ್ತೀಯ. ಅತ್ತವರ ಹತ್ತಿರ ನಂಗೆ ಮಾತು ಕೇಳೋಕಾಗಲ್ಲ. ನಿಮ್ಮಣ್ಣ ಎಲ್ಲಿ ಸತ್ರು?"

ಅವನು ಪ್ರದರ್ಶನಕ್ಕಿಟ್ಟ ಬಾತ್‌ಟಬ್ಬಿನ ಅಂಚಿನಲ್ಲಿ ಕೂತುಬಿಟ್ಟ. ದನಿ ಕೆಳಗಿಳಿಸಿ ಹೇಳತೊಡಗಿದ.

"ಜೀಪಲ್ಲೇ ಅತ್ತಿಗೆ. ಸ್ಟೇರಿಂಗ್ ಹಿಡ್ಕೊಂಡೇ. ಮೊದಲ್ನೇ ದಿನ ಸಂಜೆ ಅಣ್ಣ ನನ್ನ ಮುಖ ನೋಡಿದ್ರು. ಸಾಕು ಅನ್ಲಿ ಅಂತ. ನಾನು ಅನ್ಲಿಲ್ಲ. ಹೋಗಣ್ಣ, ಗೆಳೆಯರು ಕಾಯ್ತಿದಾರೆ, ಅತ್ತಿಗೆ ಇಲ್ದಿದ್ರೆ ನಿಂಗೆ ಗಾಡಿ ಓಡ್ಸೋಕೂ ಬರಲ್ವಾ ಅಂದೆ. ಲಾರಿಯೋರು ಎಮ್ಮೆ ಕಟ್ಟೋನು ಅಂತಿದ್ದದ್ದು ಸುಳ್ಳಲ್ಲ ಅಂದೆ. ಅಣ್ಣ ಸುಮ್ನೆ ಗೇರ್ ಹಾಕಿದ್ರು. ಒಂದ್ಸಲ ನಾನು ಓಡಿಸೋಕೆ ಕೂತೆ. ಹಿಂದೆ ಗಾಡಿ ಓಲಾಡ್ತು, ನಂಗೆ ಹಿಡಿಯೋಕಾಗ್ಲಿಲ್ಲ. ಮತ್ತೆ ಅವರೇ ಕೂತ್ರು."

"ಎರಡು ದಿನವೂ?"

"ಎರಡು ದಿನವೂ. ಪೆಟ್ರೋಲ್ ಹಾಕ್ಸೋಕೆ ನಿಲ್ಸಿದ್ದು, ಅಷ್ಟೆ. ಕೊನೇಲಿ ನಂಗೆ ನಿದ್ದೆ ಬಂದಿತ್ತು. ಅಣ್ಣ ತೋಳು ಅಲ್ಲಾಡ್ಸಿ ಎಬ್ಬಿಸಿದ್ರು. 'ಏಯ್, ಸಾಕು ಅನ್ನೋ' ಅಂದ್ರು."

ಟಾರ್ಪಾಲಕ್ಕ ಕೌಂಟರ್ ಹಿಡಿದುಕೊಂಡಳು.

"ನೀನೇನಂದೆ?"

"ಇನ್ನೇನ್ ಬಂತಣ್ಣ, ಇನ್ನೊಂದು ಸ್ವಲ್ಪ ಅಂದೆ. ಮತ್ತೆ ನಿದ್ದೆ ಹೋದೆ. ಬೆಳಕಾದಾಗ ಗಾಡಿ ರಸ್ತೆ ಪಕ್ಕ ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದಿದ್ರು. ಇಂಡಿಕೇಟರ್ ಹೊಡ್ಕೋತಾ ಇತ್ತು. ಅಣ್ಣ ಗಾಜಿಗೆ ಒರಗಿದ್ರು. ಅತ್ತಿಗೆ, ನಿಮಗೆ ನೋವಾಗ್ಬಾರ್ದು ಅಂತ ಹಾಗೆ ಹೇಳಿದೆ."

"ನಂಗಾ, ನಿಂಗಾ?"

ಅವಳಿಗೆ ಇನ್ನೊಂದು ಕೇಳುವುದಿತ್ತು. ಅದನ್ನು ಕೇಳಲೆಂದೇ ಬಂದಿದ್ದಳು.

"ಫೋನಲ್ಲಿ ಗಂಟು ಬಿಚ್ಚಿದೆ ಅಂದ್ರಲ್ಲ. ಟೀ ಉಕ್ತಿದೆ ಅಂದ್ರಲ್ಲ. ನೀನು ಹೇಳ್ಕೊಟ್ಯಾ?"

ಆತ ಹೌದು ಎನ್ನಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಹೌದು ಎಂದಿದ್ದರೆ ಎಲ್ಲವನ್ನೂ ಅವನ ತಲೆಗೆ ಕಟ್ಟಿ ಮನೆಗೆ ಹೋಗಬಹುದಿತ್ತು.

"ಇಲ್ಲ ಅತ್ತಿಗೆ. ಅದು ಅಣ್ಣನೇ. ಪೆಟ್ರೋಲ್ ಬಂಕಲ್ಲಿ ನಿಂತು ಮಾಡಿದ್ರು. ನಿಜ ಹೇಳಿದ್ರೆ ಅವಳು ಸುಮ್ನೆ ಗಾಬರಿ ಬೀಳ್ತಾಳೆ ಅಂದ್ರು. ಹಲ್ಲಿನ ಮಾತು ಅವರೇ ಕಟ್ಟಿದ್ದು. ಫೋನ್ ಇಟ್ಮೇಲೆ..."

"ಇಟ್ಮೇಲೆ?"

"ಇಬ್ರೂ ನಕ್ವಿ."

ಅವಳು ಗಂಟನ್ನು ಚೀಲಕ್ಕೆ ಹಾಕಿಕೊಂಡಳು. ಹಿಂದಿನಿಂದ ಅವನು "ಅತ್ತಿಗೆ, ಮಕ್ಕಳಿಗೆ ಏನು ಹೇಳ್ಲಿ, ಗಾಡಿ ಕೊಡ್ತೀರೋ ಇಲ್ವೋ" ಎಂದು ಕೇಳಿದ. ಕೇಳುವ ಮುಖವಾದರೂ ಹೇಗೆ ಬಂತೋ. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಫೋಟೋ ಮುಂದೆ ನಿಂತಳು. ಮೈದುನ ಮಾತಿಗೆ ತಪ್ಪಿದ, ಅದನ್ನು ಹೇಗೋ ನುಂಗಬಹುದು. ಅವನು ಯಾವಾಗಲೂ ಹಾಗೆಯೇ. ಗಂಡ ರಾತ್ರಿಯೆಲ್ಲ ಓಡಿಸಿದ, ಅದನ್ನೂ ನುಂಗಬಹುದು. ಪಕ್ಕದ ಸೀಟು ಹೋಗು ಎಂದಿತು, ಹೋದ, ಕಟ್ಟಳೆ ಅವನದೇ. ಆದರೆ ಆ ಫೋನು? ಅವಳು ಫೋನು ಹಿಡಿದು "ನಿಲ್ಲಿಸಿದ್ರಾ" ಎಂದಾಗ "ಇಲ್ಲ ಕಣೇ" ಎಂದಿದ್ದರೆ ಅವಳು ಅಲ್ಲಿಂದಲೇ ಸಾಕು ಎನ್ನುತ್ತಿದ್ದಳು. ಅವನು ನಿಲ್ಲಿಸುತ್ತಿದ್ದ. ನಿಲ್ಲಿಸಬೇಕಾಗುತ್ತದೆ ಎಂದು ಗೊತ್ತಿದ್ದರಿಂದಲೇ ಸುಳ್ಳು ಹೇಳಿದ. ಅವಳ ಕೈಗೆ ಕೊಟ್ಟಿದ್ದ ಒಂದೇ ಒಂದು ಮಾತನ್ನು ಅವಳಿಗೆ ತಿಳಿಯದ ಹಾಗೆ ಹಿಂದಕ್ಕೆ ತೆಗೆದುಕೊಂಡ. ತೆಗೆದುಕೊಂಡು ನಕ್ಕ. ಅವಳೂ ನಕ್ಕಿದ್ದಳು. ಬೇರೆಯವರಿಗೂ ಹೇಳಿ ನಗಿಸಿದ್ದಳು.

ಸತ್ತವನ ಹತ್ತಿರ ಜಗಳವಾಡುವುದು ಹೇಗೆ? ಬೈದರೆ ಬಡಿಸಿದ ತಟ್ಟೆ ಬಿಟ್ಟು ಏಳುವವನೂ ಇಲ್ಲ, ಆಮೇಲೆ ಮೆಲ್ಲಗೆ ಬಂದು ಸಮಾಧಾನ ಮಾಡುವವನೂ ಇಲ್ಲ.

ಮರುದಿನ ಓರಗಿತ್ತಿ ಬಂದಳು. ಕಣ್ಣು ಊದಿತ್ತು.

"ಅಕ್ಕ, ನಂಗೂ ಹಾಸಿಗೇಲಿ ಹೋದ್ರು ಅಂತಲೇ ಹೇಳಿದ್ರು. ಇಷ್ಟು ದಿನ ಒಂದೇ ದಿಂಬಿಗೆ ತಲೆ ಕೊಟ್ಟು ಮಲಗಿದೀನಿ. ನಿನ್ನೆ ಬಂದು ಬಾಯಿಬಿಟ್ರು. ನಂಗೆ ಆ ಮುಖ ನೋಡೋಕೆ ಆಗ್ತಿಲ್ಲ."

"ನೋಡ್ಬೇಕಾಗುತ್ತೆ ಕಣೇ. ನಿನ್ನ ಗಂಡ ಬದುಕಿದಾನೆ."

"ಗಾಡಿ ಬೇಡ ನಮಗೆ."

"ಗಾಡಿ ಬೇಡ ಅಂದ್ರೆ ಅವನು ಕಾರು ತರ್ತಾನೆ. ಒಂದೇ ಏಟಿಗೆ ಸಮುದ್ರ ಅಂತಾನೆ. ನಿನ್ನ ಮಕ್ಕಳು ಹಿಂದಿನ ಸೀಟಲ್ಲಿ ಇರ್ತವೆ."

ಟಾರ್ಪಾಲಕ್ಕ ಎದ್ದು ಅಡುಗೆಮನೆಯಿಂದ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇದು ಮನೆ. ಉಪ್ಪಿನ ಡಬ್ಬಿ ಇವತ್ತು ಮಲಗೋ ಜಾಗ."

"ಇಷ್ಟು ಹತ್ತಿರಾನಾ ಅಕ್ಕ?"

"ಅವನು ಹೊಸಬ. ಇನ್ನೂ ಹತ್ತಿರ" ಎಂದು ಡಬ್ಬಿಯನ್ನು ಮನೆಯ ಕಡೆಗೆ ಎಳೆದಳು. "ಮೊದಲು ಒಂದು ವಾರ ಲಾರಿ ಮೈದಾನದಲ್ಲಿ ಖಾಲಿ ಗಾಡಿ ಎಳೆದು ಕಲೀಲಿ. ಹಿಂದಕ್ಕೆ ತೆಗೆಯೋದು ಬರೋವರೆಗೆ ಊರು ಬಿಡ್ಬೇಡಿ. ಎರಡು ಗಂಟೆಗೊಂದ್ಸಲ ಇಳಿದು ಚಕ್ರ ಮುಟ್ಟಿ ನೋಡ್ಬೇಕು. ಬಿಸಿ ತಡೆಯೋಕಾಗದಿದ್ರೆ ಅಲ್ಲೇ ನಿಲ್ಲಿ. ಹೊತ್ತು ಕಣ್ಣಿಗೆ ಹೊಡಿಯೋಕೆ ಮೊದಲೇ ಜಾಗ ಸೇರ್ಬೇಕು. ಎಷ್ಟು ದೂರ ಬಂದ್ವಿ ಅಂತ ಲೆಕ್ಕ ಹಾಕ್ಬೇಡ. ಅವನ ಕಣ್ಣು ನೋಡು, ಕತ್ತು ನೋಡು. ಕತ್ತು ಉಜ್ಕೊಂಡ ಅಂದ್ರೆ ಸಾಕು ಅನ್ನು. ಕೋಳಿ ಫಾರಮ್ ಇದೆಯಾ ನೋಡ್ಕೊಂಡು ಅನ್ನು."

ಓರಗಿತ್ತಿಗೆ ಕೋಳಿ ಫಾರಮ್ಮಿನದು ತಿಳಿಯಲಿಲ್ಲ. ಟಾರ್ಪಾಲಕ್ಕ ಬಿಡಿಸಿ ಹೇಳಲಿಲ್ಲ.

"ನಾನು ಸಾಕು ಅಂದ್ರೂ ಅವರು ನಿಲ್ಲಿಸದಿದ್ರೆ?"

ಟಾರ್ಪಾಲಕ್ಕನ ಗಂಡ ಅವಳ ಎದುರಿಗೆ ಎಂದೂ ನಿಲ್ಲಿಸದೆ ಇದ್ದವನಲ್ಲ. ಅವಳು ಎದುರಿಗಿಲ್ಲದಾಗಿನ ಮಾತು ಬೇರೆ.

"ಪಕ್ಕದಲ್ಲೇ ಕೂತ್ಕೋ. ನಿದ್ದೆ ಮಾಡ್ಬೇಡ. ನೀನಿಲ್ದೆ ಅವನು ಹೋದ್ರೆ ಫೋನಲ್ಲಿ ಹೇಳಿದ್ದನ್ನ ನಂಬ್ಬೇಡ. ಅಷ್ಟೇ ನಂಗೆ ಗೊತ್ತಿರೋದು."

ಜೀಪಿನ ಬೀಗದ ಕೈಯನ್ನು ಓರಗಿತ್ತಿಯ ಕೈಗೇ ಕೊಟ್ಟಳು. ಹಲಗೆಗೆ ಹೊಸ ಕೊಕ್ಕೆಯನ್ನು ಟಾರ್ಪಾಲಕ್ಕ ತಾನೇ ಹಾಕಿಸಿದಳು. ಅರ್ಧ ದಿನದ ಕೆಲಸ. ಗಂಟಿನ ಅಗತ್ಯ ಇನ್ನು ಬೀಳುವುದಿಲ್ಲ.

ಅವರು ಹೋಗಿ ಬಂದರು. ಮಕ್ಕಳು ಕಪ್ಪಾಗಿ ಬಂದರು. ಸಮುದ್ರ ಸಿಗಲೇ ಇಲ್ಲವಂತೆ, ರಜೆ ಅರ್ಧ ದಾರಿಯಲ್ಲೇ ಮುಗಿಯಿತಂತೆ, ಅಮ್ಮ ಎಲ್ಲೆಂದರಲ್ಲಿ ಸಾಕು ಸಾಕು ಎನ್ನುತ್ತಿದ್ದಳಂತೆ. ಮೈದುನ ಗಾಡಿ ತಂದು ನಿಲ್ಲಿಸಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. "ಒಳಗೆ ಬಾ, ಟೀ ಇದೆ" ಎಂದಳು. ಅವನು ಕುಡಿದು ಲೋಟ ತೊಳೆದಿಟ್ಟು ಹೋದ. ಈಗ ಭಾನುವಾರ ಬಂದು ಹೋಗುತ್ತಾನೆ. ಅವಳು ಮಾತಾಡಿಸುತ್ತಾಳೆ.

ಫೋಟೋ ಗೋಡೆಯ ಮೇಲೆ ಇದ್ದಲ್ಲೇ ಇದೆ. ಧೂಳು ಒರೆಸುತ್ತಾಳೆ. ನಲ್ಲಿ ಮತ್ತೆ ಸೋರುತ್ತಿದೆ, ಪಕ್ಕದ ಮನೆಯವಳ ಮಿಕ್ಸಿ ಕೆಟ್ಟಿದೆ. ಅವನಿಗೆ ಹೇಳಿಲ್ಲ. ಮಾತು ಬಿಟ್ಟಿದ್ದಾಳೆ.